ಚೌಕಿಯ ಗಣಪನಿಗೊಂದು ಅರಿಕೆ

ಚೌಕಿಯ ಗಣಪನೇ, ಪತ್ತನಾಜೆ ಕಳೆದು ಯಕ್ಷಗಾನ ಮೇಳದವರೆಲ್ಲ ಗೆಜ್ಜೆ ಬಿಚ್ಚಿ ಮನೆ ಸೇರಿದ್ದಾರೆ. ಈಗ ನಿನಗೂ ತುಸು ಬಿಡುವಿರಬಹುದೆಂದು ಈ ಅರಿಕೆ. ಹೊರಗೆ ಮಳೆ ಹೊಯ್ಯುತ್ತಿದೆ. ಎದುರಿನ ಪರದೆಯಲ್ಲಿ ಎಕ್ಸ್‌ಪೋರ್ಟ್ ಶೇಕಡಾ 63ಕ್ಕೆ ಬಂದು ನಿಂತಿತ್ತು. ಅದು ನಾಲ್ಕನೆಯ ಸಲ. ಬಣ್ಣದ ವೇಷದ ಹಿರಿಯರೊಬ್ಬರು ಚೌಕಿಯಲ್ಲಿ ಬಣ್ಣಕ್ಕೆ ಕೂತು, ಮನುಷ್ಯರಾಗಿದ್ದವರು ರಕ್ಕಸರಾಗುವ ಒಂದು ಇರುಳಿನ ಚಿತ್ರ, 24 ನಿಮಿಷದ್ದು. ನಾಡಿದ್ದು ಅವರೂರಿನ ಶಾಲೆಯಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ.

ಬೇಡುವ ಮೊದಲು ನನ್ನ ತಪ್ಪುಗಳನ್ನು ಒಪ್ಪಿಸಿಬಿಡುತ್ತೇನೆ. ಮೊದಲ ಸಲ ನಿಂತಾಗ ಸಾಫ್ಟ್‌ವೇರನ್ನು ಬೈದೆ. ಎರಡನೆಯ ಸಲ ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ, ಕ್ಯಾಶ್ ಅಳಿಸಿದೆ, ಫಾರ್ಮ್ಯಾಟ್ ಬೇರೆ ಮಾಡಿದೆ. ಮೂರನ್ನೂ ಒಂದೇ ಉಸಿರಿಗೆ. 63ರಲ್ಲಿ ನಿಲ್ಲುತ್ತಿದ್ದದ್ದು 61ರಲ್ಲಿ ನಿಂತಿತು. ಮೂರರಲ್ಲಿ ಯಾವುದು ಏನು ಮಾಡಿತೆಂದು ತಿಳಿಯುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ. ಮೂರನೆಯ ಸಲ, ಬಂದಷ್ಟಾದರೂ ನೋಡೋಣವೆಂದು ಅರೆಬರೆ ಎಂಪಿ4 ಫೈಲನ್ನು ತೆರೆಯಲು ಹೋದೆ. ತೆರೆಯಲಿಲ್ಲ. ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿಯನ್ನು ಇಂಥ ಫೈಲು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಬರೆದುಕೊಳ್ಳುತ್ತದೆ. ನಡುವೆ ನಿಂತರೆ ಪಟ್ಟಿಯಿಲ್ಲ; ಪಟ್ಟಿಯಿಲ್ಲದಿದ್ದರೆ ಒಳಗಿದ್ದ ಹದಿನೈದು ನಿಮಿಷವೂ ಇಲ್ಲದಂತೆಯೇ. ಹೋದ ವರ್ಷದ ತಪ್ಪೂ ಒಂದಿದೆ: ಫ್ಯಾಟ್32 ಪೆನ್‌ಡ್ರೈವ್‌ಗೆ ನೇರವಾಗಿ ಎಕ್ಸ್‌ಪೋರ್ಟ್ ಕೊಟ್ಟು, 4 ಜಿಬಿಗೆ ಸರಿಯಾಗಿ ಅದು ಕೈಚೆಲ್ಲಿದಾಗ ರಾತ್ರಿಯಿಡೀ ಕ್ಯಾಮೆರಾದವನ ಮೇಲೆ ಅನುಮಾನಪಟ್ಟಿದ್ದೆ.

ಗಣಪನೇ, ರಾ ಫುಟೇಜ್ ಅಂದರೆ ಚಿತ್ರವೇ ಅಲ್ಲವೆಂಬುದನ್ನು ನಾನು ಪದೇ ಪದೇ ಮರೆಯುತ್ತೇನೆ. ಅದು ಬಣ್ಣ ಹಚ್ಚದ ಮುಖ. ಸೆನ್ಸರಿನ ಒಂದೊಂದು ಬಿಂದುವಿಗೂ ತಿಳಿದಿರುವುದು ಒಂದೇ ಬಣ್ಣ: ಕೆಂಪು, ಇಲ್ಲವೇ ಹಸಿರು, ಇಲ್ಲವೇ ನೀಲಿ. 1976ರಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಈ ಹೆಣಿಗೆಯಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಉಳಿದೆರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಕೇಳಿ ಊಹಿಸಿ ತುಂಬಬೇಕು. ಆ ಹಿರಿಯರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಿದ್ದರಲ್ಲ, ಅಷ್ಟೇ ತಾಳ್ಮೆಯ ಕೆಲಸ. ಎಡಿಟ್ ಮಾಡುವಾಗ ಟೈಮ್‌ಲೈನ್ ಸರಾಗವಾಗಿ ಓಡಿತೆಂದು ನಾನು ಬೀಗಿದ್ದೆ. ಅಲ್ಲಿ ಓಡಿದ್ದು ಕಾಲುಭಾಗದ ರೆಸಲ್ಯೂಷನ್. ಎಕ್ಸ್‌ಪೋರ್ಟ್ ಅಂದರೆ ರಂಗಸ್ಥಳ. ಅಲ್ಲಿಗೆ ಅರೆವೇಷದಲ್ಲಿ ಹೋಗುವಂತಿಲ್ಲ.

ಲೆಕ್ಕ ಹಾಕಿದರೆ ಯಂತ್ರದ ಮೇಲೆ ಕನಿಕರ ಹುಟ್ಟುತ್ತದೆ. 6144 ಅಗಲ, 3456 ಎತ್ತರದ ಒಂದು ಫ್ರೇಮಿನಲ್ಲಿ 2 ಕೋಟಿ 12 ಲಕ್ಷ ಬಿಂದುಗಳು. ಪೂರ್ಣ ನಿಖರತೆಯಲ್ಲಿ ಬಿಂದುವಿಗೆ 16 ಬೈಟ್ ಹಿಡಿದರೆ ಒಂದೇ ಫ್ರೇಮಿಗೆ ಸುಮಾರು 340 ಎಂಬಿ. ಇಂಥದ್ದು ಸೆಕೆಂಡಿಗೆ 24. ನನ್ನ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಒಟ್ಟು 8 ಜಿಬಿ.

ನಾಲ್ಕನೆಯ ಸಲ ನಿಂತಾಗ, ಯಾಕೋ, ಆ ಹಿರಿಯರ ಮಾತು ನೆನಪಾಯಿತು. ಶೂಟಿಂಗಿನ ರಾತ್ರಿ ಅವರ ಕೆನ್ನೆಯಿಂದ ಒಂದು ಚುಟ್ಟಿ ಉದುರಿತ್ತು. ಇನ್ನೀಗ ಮೊದಲಿಂದ ಶುರುವೇ ಎಂದು ಕೇಳಿದ್ದೆ. ಕನ್ನಡಿಯಿಂದ ಕಣ್ಣು ತೆಗೆಯದೆ ಅಂದಿದ್ದರು: "ಒಂದು ಚುಟ್ಟಿ ಬಿದ್ದದ್ದಕ್ಕೆ ಇಡೀ ಮುಖ ತೊಳೀಲಿಕ್ಕುಂಟಾ ಮಾರಾಯ್ರೆ?"

ಹಾಗಾಗಿ ಮುಖ ತೊಳೆಯುವುದನ್ನು ಬಿಟ್ಟು, ಬಿದ್ದ ಚುಟ್ಟಿಯನ್ನು ಹುಡುಕಲು ಕೂತೆ. ಪ್ರಾಜೆಕ್ಟಿನ ನಕಲೊಂದನ್ನು ತೆಗೆದಿಟ್ಟೆ. 63 ಅಂದರೆ ಹದಿನೈದನೆಯ ನಿಮಿಷವೇ ಎಂದು ನಂಬದೆ, ಮೊದಲ 12 ನಿಮಿಷ ಬೇರೆ, ಕೊನೆಯ 12 ನಿಮಿಷ ಬೇರೆ ಎಕ್ಸ್‌ಪೋರ್ಟ್ ಕೊಟ್ಟೆ. ಮೊದಲರ್ಧ ಬಂತು, ಎರಡನೆಯದು ನಿಂತಿತು. ನಿಂತ ಅರ್ಧವನ್ನು ಮತ್ತೆ ಅರ್ಧ ಮಾಡಿದೆ. ಏಳು ಸಲ ಅರ್ಧ ಮಾಡುವಷ್ಟರಲ್ಲಿ 24 ನಿಮಿಷ 11 ಸೆಕೆಂಡಿಗೆ ಇಳಿದಿತ್ತು. ಆ 11 ಸೆಕೆಂಡಿನ ಎಲ್ಲ ಎಫೆಕ್ಟ್‌ಗಳನ್ನೂ ನಂದಿಸಿದೆ, ಸಲೀಸಾಗಿ ಬಂತು. ಅಂದರೆ ಮೂಲ ಫುಟೇಜ್ ಕೆಟ್ಟಿಲ್ಲ. ಆಮೇಲೆ ಒಂದೊಂದನ್ನೇ ಹೊತ್ತಿಸುತ್ತ ಹೋದೆ. ಬಣ್ಣದ ತಿದ್ದುಪಡಿಗೆ ನಿಲ್ಲಲಿಲ್ಲ. ನಾಯ್ಸ್ ರಿಡಕ್ಷನ್ ಹಾಕಿದೊಡನೆ ನಿಂತಿತು.

ಯಾವ ಶಾಟ್ ಗೊತ್ತೇ? ನಿನ್ನದೇ. ಚೌಕಿಯ ಮೂಲೆಯಲ್ಲಿ ನೀನು, ಮುಂದೆ ದೀಪ, ಪಕ್ಕದಲ್ಲಿ ಅವರ ಮುಖದ ಅರ್ಧ. ಪೂಜೆಯ ಹೊತ್ತಿಗೆ ಲೈಟು ಹಿಡಿಯಲು ಮನಸ್ಸಾಗದೆ, ಕ್ಯಾಮೆರಾದ ಐಎಸ್ಒ ಏರಿಸಿ ತೆಗೆದದ್ದು. ಕತ್ತಲಿನ ತುಂಬ ಇರುವೆ ಹರಿದ ಹಾಗೆ ಕಾಳುಕಾಳು. ಅದನ್ನು ಒರೆಸಲು, ಪ್ರತಿ ಫ್ರೇಮಿಗೂ ಹಿಂದಿನ ಎರಡು, ಮುಂದಿನ ಎರಡು ಫ್ರೇಮುಗಳನ್ನು ಹೋಲಿಸಿ ನೋಡೆಂದು ಯಂತ್ರಕ್ಕೆ ಹೇಳಿದ್ದೆ. ಐದು ಫ್ರೇಮ್, 1.7 ಜಿಬಿ, ಅದರ ಲೆಕ್ಕಾಚಾರದ ನಡುಹಂತಗಳು ಬೇರೆ, ಬಣ್ಣ ತುಂಬುವ ಕೆಲಸ ಬೇರೆ. ಮೆಮೊರಿ ಸಾಲದೆ ಅದು ಕೂತುಬಿಟ್ಟಿತ್ತು. ನಿನ್ನ ಮೂಲೆಯ ಕತ್ತಲನ್ನು ಕನ್ನಡಿಯಂತೆ ಉಜ್ಜಬೇಕೆಂಬ ನನ್ನ ಹಟ ಇಡೀ ಚಿತ್ರವನ್ನು ಹಿಡಿದು ನಿಲ್ಲಿಸಿತ್ತು. ವಿಘ್ನ ನಿನ್ನ ಶಾಟಿನಲ್ಲಿತ್ತು, ತಂದಿಟ್ಟವನು ನಾನು.

ಈಗ ಹಿಂದೊಂದು, ಮುಂದೊಂದು ಫ್ರೇಮಿಗೆ ಇಳಿಸಿದ್ದೇನೆ. ಆ ಶಾಟನ್ನಷ್ಟೇ ಬೇರೆಯಾಗಿ ಪ್ರೊರೆಸ್ 422 ಎಚ್‌ಕ್ಯೂಗೆ ರೆಂಡರ್ ಮಾಡಿ ಟೈಮ್‌ಲೈನಿನಲ್ಲಿ ಕೂರಿಸಿದ್ದೇನೆ. ಚಿತ್ರವಿಡೀ ಹಾಗೆ ಮಾಡಿದರೆ 4ಕೆ ಅಳತೆಯಲ್ಲಿ ಗಂಟೆಗೆ 300 ಜಿಬಿ ದಾಟುತ್ತದೆ. ಡಿಸ್ಕಿನಲ್ಲಿ ಅಷ್ಟು ಜಾಗವಿಲ್ಲ, ಅಗತ್ಯವೂ ಇಲ್ಲ. ಕತ್ತಲಲ್ಲಿ ಕಾಳು ತುಸು ಉಳಿದಿದೆ. ಆ ರಾತ್ರಿ ನನ್ನ ಕಣ್ಣಿಗೂ ಅಲ್ಲಿ ಏನೂ ನಿಚ್ಚಳವಾಗಿ ಕಂಡಿರಲಿಲ್ಲ.

ಐದನೆಯ ಸಲದ ಬಟನ್ ಒತ್ತುವ ಮುನ್ನ ಬೇಡುವುದಿಷ್ಟೇ. ಕರೆಂಟು ಹೋದರೆ ಯುಪಿಎಸ್ ಉಸಿರು ಹಿಡಿಯಲಿ. ನೂರಕ್ಕೆ ಮುಟ್ಟಿದರೆ, ಮುಟ್ಟಿತೆಂದೇ ನಂಬಿ ಎದ್ದುಹೋಗದೆ, 24 ನಿಮಿಷವನ್ನೂ ಒಮ್ಮೆ ಕೂತು ನೋಡುವಷ್ಟು ಎಚ್ಚರ ನನಗಿರಲಿ. ಮತ್ತೆ ನಡುವೆ ನಿಂತರೆ ನನ್ನ ಕೈ ಮೌಸಿನ ಕಡೆ ಓಡದಿರಲಿ. ಮೊದಲು ಪೆನ್ನು ಹಿಡಿದು, ಎಲ್ಲಿ ನಿಂತಿತೆಂದು ಬರೆದುಕೊಳ್ಳಲಿ.