ಗೋದಲಿಯ ಬಾಣಂತಿ

ನಮ್ಮ ಗೋದಲಿಗಳಲ್ಲಿ ಮರಿಯಮ್ಮ ಯಾವಾಗಲೂ ಮಂಡಿಯೂರಿಯೇ ಇರುತ್ತಾಳೆ. ನೀಲಿ ಹೊದಿಕೆ, ಜೋಡಿಸಿದ ಕೈ, ತುಸು ಬಾಗಿದ ಕತ್ತು, ನೆಟ್ಟಗಿನ ಬೆನ್ನು. ಹೆತ್ತು ಇನ್ನೂ ಒಂದು ರಾತ್ರಿ ಕಳೆದಿಲ್ಲ. ಕರಾವಳಿಯ ಯಾವ ತಾಯಿಯೂ ಹಸಿ ಬಾಣಂತಿ ಮಗಳನ್ನು ನೆಲದ ಮೇಲೆ ಹಾಗೆ ಮಂಡಿಯೂರಲು ಬಿಡಳು. ಮೈಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಮೆಂತೆ ಗಂಜಿ ಕುಡಿಸಿ ಮಲಗಿಸುತ್ತಾಳೆ. ಈ ಕ್ರಿಸ್ಮಸ್‌ಗೆ ನಾನು ಹೆಂಡತಿಯ ತವರಿನಲ್ಲಿದ್ದೇನೆ. ನವೆಂಬರ್ ನಡುವೆ ಹುಟ್ಟಿದ ಮಗಳು ಒಳಕೋಣೆಯ ತೊಟ್ಟಿಲಲ್ಲಿದ್ದಾಳೆ. ಚಿಕ್ಕಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಕಂಡ ಆ ಮಂಡಿಯೂರಿದ ಭಂಗಿಯ ಬಗ್ಗೆ ಯೋಚನೆ ಬಂದದ್ದು ಈಗ.

ಹಿಂದಿನ ಚಿತ್ರಕಾರರು ಆಕೆಯನ್ನು ಹೀಗೆ ಬರೆಯುತ್ತಿರಲಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಪವಿತ್ರ ಚಿತ್ರಗಳಲ್ಲಿ ಮರಿಯ ಗುಹೆಯೊಳಗೆ ಹಾಸಿಗೆಯ ಮೇಲೆ ಒರಗಿರುತ್ತಾಳೆ. ಕೆಳಗೆ ಒಂದು ಮೂಲೆಯಲ್ಲಿ ಸೂಲಗಿತ್ತಿಯರು ಮಗುವನ್ನು ಮೀಯಿಸುತ್ತಿರುತ್ತಾರೆ. ಇಟಲಿಯ ಪಾದುವಾದಲ್ಲಿ ಸ್ಕ್ರೊವೆನ್ಯಿ ಪ್ರಾರ್ಥನಾಲಯದ ಗೋಡೆಗಳಿಗೆ 1305ರ ಸುಮಾರಿಗೆ ಬಣ್ಣ ಹಚ್ಚಿದ ಜೊತ್ತೊ ಕೂಡ ತಾಯಿಯನ್ನು ಮಲಗಿಸಿಯೇ ತೋರಿಸಿದ. ಮಲಗಿದಲ್ಲಿಂದಲೇ ಆಕೆ ಮಗುವಿನತ್ತ ಹೊರಳಿದ್ದಾಳೆ. ಮಂಡಿಯೂರಿದ ಮರಿಯ ಎಲ್ಲೆಡೆ ಹರಡಿದ್ದು ಬಹುಮಟ್ಟಿಗೆ ಸ್ವೀಡನ್ನಿನ ಸಂತ ಬ್ರಿಜಿತಾಳ ನಂತರ. 1372ರಲ್ಲಿ ಬೆತ್ಲೆಹೇಮಿಗೆ ಯಾತ್ರೆ ಹೋದ ಆಕೆಗೆ ಒಂದು ದರ್ಶನವಾಯಿತು. ಮರಿಯ ಮಂಡಿಯೂರಿ ಪ್ರಾರ್ಥಿಸುತ್ತಿದ್ದಂತೆಯೇ, ನೋವಿಲ್ಲದೆ, ಬೆಳಕಿನ ನಡುವೆ ಕೂಸು ಹುಟ್ಟಿತೆಂದು ಆಕೆ ಹೇಳಿದಳು. ಆಮೇಲಿನ ಚಿತ್ರಕಾರರು ಅದನ್ನೇ ಹಿಡಿದರು, ಪ್ರತಿಮೆ ಮಾಡುವವರು ಅವರ ಹಿಂದೆ ಹೋದರು. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮಲಗಿದ ಮರಿಯ ನನಗೆ ಹೆಚ್ಚು ಹತ್ತಿರದವಳು.

2019ರ ಡಿಸೆಂಬರ್ 17ರಂದು ಪೋಪ್ ಫ್ರಾನ್ಸಿಸರ ಹುಟ್ಟುಹಬ್ಬಕ್ಕೆ ಯಾರೋ ಒಂದು ಗೋದಲಿಯ ಪುಟ್ಟ ಚಿತ್ರ ಕೊಟ್ಟರು. ಅದರಲ್ಲಿ ಮರಿಯ ನಿದ್ದೆಹೋಗಿದ್ದಾಳೆ. ಮಗು ಜೋಸೆಫನ ಕೈಯಲ್ಲಿದೆ, ಅವನು ಅದನ್ನು ಮಲಗಿಸುತ್ತಿದ್ದಾನೆ. ಅಮ್ಮ ವಿಶ್ರಾಂತಿ ಪಡೆಯಲಿ ಎಂಬುದೇ ಆ ಗೋದಲಿಯ ಹೆಸರು. ಮಾರನೆಯ ದಿನ ಜನರನ್ನುದ್ದೇಶಿಸಿ ಮಾತನಾಡುವಾಗ ಪೋಪರು ಅದನ್ನು ನೆನೆದು, ಅಳುವ ಮಗುವಿಗಾಗಿ ಗಂಡ ಹೆಂಡತಿ ರಾತ್ರಿಯನ್ನು ಹಂಚಿಕೊಳ್ಳುವ ಮನೆಗಳ ಮಾತು ತೆಗೆದರು. ಆ ವರ್ಷ ನನಗೆ ಮದುವೆಯೂ ಆಗಿರಲಿಲ್ಲ, ಸುದ್ದಿ ಓದಿ ಮರೆತಿದ್ದೆ. ಈಗ ಆ ಗೋದಲಿ ದಿನವೂ ನೆನಪಾಗುತ್ತದೆ.

ಜೋಸೆಫ್ ಸುವಾರ್ತೆಗಳಲ್ಲಿ ಒಂದು ಮಾತೂ ಆಡುವುದಿಲ್ಲ. ಆದರೆ ಮತ್ತಾಯ ಬರೆದದ್ದನ್ನು ಓದಿದರೆ ಅವನ ಕೆಲಸವೆಲ್ಲ ರಾತ್ರಿಯದು. ನಾಲ್ಕು ಸಲ ಕನಸಿನಲ್ಲಿ ಅವನಿಗೆ ಅಪ್ಪಣೆಯೋ ಎಚ್ಚರಿಕೆಯೋ ಬರುತ್ತದೆ, ನಾಲ್ಕು ಸಲವೂ ಅವನು ಎದ್ದು ಹೇಳಿದ ಹಾಗೆ ಮಾಡುತ್ತಾನೆ. ಹೆರೋದನಿಂದ ಕೂಸಿಗೆ ಅಪಾಯವಿದೆ ಎಂದಾಗ ಬೆಳಗಾಗುವವರೆಗೂ ಕಾಯದೆ, ರಾತ್ರಿಯೇ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿನ ದಾರಿ ಹಿಡಿಯುತ್ತಾನೆ. ಎಳೆಗೂಸಿರುವ ಮನೆಯಲ್ಲಿ ತಂದೆ ಎನ್ನಿಸಿಕೊಂಡವನು ಓದಬೇಕಾದದ್ದು ಈ ಭಾಗ.

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ಎಂದರೆ ದುಡಿಮೆಯ ತಿಂಗಳು. ಆಗಮನ ಕಾಲದ ನಾಲ್ಕು ಭಾನುವಾರಗಳು ಒಂದೊಂದಾಗಿ ಕಳೆಯುತ್ತಿದ್ದಂತೆ ಮನೆಯ ಮುಂದೆ ನಕ್ಷತ್ರ ಏರಬೇಕು, ಗೋದಲಿಯ ಹಸಿರಿಗೆ ತಟ್ಟೆಯಲ್ಲಿ ಭತ್ತವೋ ರಾಗಿಯೋ ಮೊಳಕೆ ಬರಬೇಕು, ಡಬ್ಬಿಗಳಲ್ಲಿ ಕುಸ್ವಾರ್ ತುಂಬಬೇಕು. ಕುಸ್ವಾರ್ ಒಂದು ತಿಂಡಿಯಲ್ಲ, ತಿಂಡಿಗಳ ಇಡೀ ತಟ್ಟೆ: ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸ್, ಜೊತೆಗೆ ಕೇಕು. ನೆವ್ರಿಯ ಅಂಚು ಮಡಚಿ ಒತ್ತಲು, ಕಿಡಿಯೊ ಹಿಟ್ಟಿನ ಗುಳಿಗೆಗಳನ್ನು ಫೋರ್ಕಿನ ಬೆನ್ನಿಗೆ ಒತ್ತಿ ಉರುಳಿಸಲು, ಕುದಿಯುವ ಎಣ್ಣೆಯ ಮುಂದೆ ಗಂಟೆಗಟ್ಟಲೆ ನಿಲ್ಲಲು ಕೈಗಳು ಬೇಕು. ಆ ಕೈಗಳು ಹೆಚ್ಚಾಗಿ ಹೆಂಗಸರವೇ. ಬಾಣಂತಿ ಇರುವ ಮನೆಯಲ್ಲಿ ಕುಸ್ವಾರ್ ಕಡಿಮೆಯಾದರೂ ನಡೆದೀತು ಎಂದು ಮೊದಲು ಹೇಳಿದವರು ಅತ್ತೆಯೇ. ಈ ಸಲ ಎರಡೇ ಬಗೆ ಮನೆಯಲ್ಲಿ ಆಗಿವೆ, ಉಳಿದದ್ದು ಬೇಕರಿಯದು. ಕಿಡಿಯೊ ಉರುಳಿಸಿದವರು ನಾನು, ಮಾವ ಮತ್ತು ಪಕ್ಕದ ಮನೆಯ ಇಬ್ಬರು ಹುಡುಗರು. ಎದ್ದು ಬಂದು ಸೇರಿಕೊಳ್ಳಲು ಹೊರಟ ಹೆಂಡತಿಯನ್ನು ಅತ್ತೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದರು. ಅಂಗಡಿಯಿಂದ ತಂದ ಕುಸ್ವಾರ್ ಹಬ್ಬವೇ ಅಲ್ಲ ಎನ್ನುವವರಿದ್ದಾರೆ. ಈ ವರ್ಷ ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಹೊಸ ತಾಯಿಯ ದಿನ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಎಳೆಗೂಸು ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸುವಷ್ಟರಲ್ಲಿ ಮುಂದಿನ ಹೊತ್ತು ಬಂದಿರುತ್ತದೆ. ಅದರ ನಡುವೆ ಹಬ್ಬದ ನೆಂಟರು. ಪ್ರೀತಿಯಿಂದಲೇ ಬರುತ್ತಾರೆ, ಮಗುವಿಗೆ ಅಂಗಿ ತರುತ್ತಾರೆ, ಪುಟ್ಟ ಮುಷ್ಟಿಯಲ್ಲಿ ನೋಟು ಇಡುತ್ತಾರೆ. ಆದರೆ ಗೇಟಿನ ಸದ್ದು ಕೇಳಿದ ಕೂಡಲೇ ಬಾಣಂತಿ ಎದ್ದು ನೈಟಿ ಬದಲಿಸಿ, ತಲೆ ಬಾಚಿ, ಹಜಾರಕ್ಕೆ ಬಂದು ನಗುತ್ತ ಕೂರಬೇಕು. ಒಂದು ಮಧ್ಯಾಹ್ನಕ್ಕೆ ಮೂರು ಸಲ ಹೀಗಾದರೆ ಆಕೆಯ ನಿದ್ದೆ ಹೋಯಿತು. ಹೋಗುವ ಮುನ್ನ ಫೋನ್ ಮಾಡುವುದು, ಕಾಲು ಗಂಟೆಯಲ್ಲಿ ಏಳುವುದು, ಚಹಾ ಬೇಡ ಎಂದು ಮನಸ್ಸಿನಿಂದಲೇ ಹೇಳುವುದು, ಇವುಗಳಿಗಿಂತ ಒಳ್ಳೆಯ ಉಡುಗೊರೆ ಈ ತಿಂಗಳಲ್ಲಿ ಬೇರಿಲ್ಲ. ಕೆಮ್ಮು ನೆಗಡಿ ಇದ್ದವರು ಒಂದು ವಾರ ತಡೆಯಲಿ. ಮಗುವಿನ ಮುಖಕ್ಕೆ ಮುತ್ತು ಕೊಡುವ ಆಸೆಯನ್ನು ಎಲ್ಲರೂ ಬಿಡಲಿ. ಮೂರು ತಿಂಗಳು ತುಂಬದ ಕೂಸಿನ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಹಬ್ಬದ ರುಚಿ ಕೂಸಿಗೂ ಒಂದಿಷ್ಟು ತಾಗಲಿ ಎಂದು ಕೇಕಿನ ಚೂರು, ವೈನಿನಲ್ಲಿ ಅದ್ದಿದ ಬೆರಳು, ಜೇನಿನ ಹನಿ ತುಟಿಗೆ ತರುವವರಿಗೂ ಒಂದು ಮಾತು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ. ಜೇನಂತೂ ವರ್ಷ ತುಂಬುವ ತನಕ ಮಗುವಿನ ಹತ್ತಿರ ಸುಳಿಯಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗಿ, ನರಗಳನ್ನು ಸೋಲಿಸಬಲ್ಲವು. ಕೆಂಪು ಮಖಮಲ್ಲಿನ ಅಂಗಿ, ಬಿಳಿ ಜುಂಗಿನ ಟೋಪಿ ತೊಡಿಸಿ ಫೋಟೊ ತೆಗೆಯುವ ಆಸೆ ನಮಗೂ ಇತ್ತು. ಆದರೆ ಡಿಸೆಂಬರಿನ ಹಗಲಿನಲ್ಲೂ ಮಂಗಳೂರಿನ ಬಿಸಿಲು ಮೂವತ್ತೆರಡು ಡಿಗ್ರಿ ದಾಟುತ್ತದೆ. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಯನ್ನು ಹರಿದು ಹೊಲಿದ ಜುಬ್ಬಾ ತೊಡಿಸಿದರು. ಮೊದಲ ಕ್ರಿಸ್ಮಸ್ಸಿನ ಫೋಟೊ ಅದರಲ್ಲೇ ಆಗಿದೆ. ಮಗಳ ಕಣ್ಣು ಕ್ಯಾಮೆರಾದ ಕಡೆ ಇಲ್ಲ, ಬಾಗಿಲ ಮೇಲಿನ ನಕ್ಷತ್ರದ ಕಡೆ ಇದೆ. ಹುಟ್ಟಿದಾಗ ಒಂದು ಗೇಣಿನಾಚೆ ಸ್ಪಷ್ಟವಾಗಿ ಕಾಣದ ಕಣ್ಣು ಈಗ ದೂರದ ಬೆಳಕನ್ನು ಹುಡುಕಿ ಅಲ್ಲೇ ನಿಲ್ಲುತ್ತಿದೆ. ಈ ವಾರದಿಂದ ಮುಖ ನೋಡಿ ನಗಲೂ ತೊಡಗಿದ್ದಾಳೆ. ಹಬ್ಬ ಅವಳಿಗೆ ತಲುಪಿದ್ದು ಇಷ್ಟು, ಮತ್ತು ಇದು ಸಾಕಷ್ಟಾಯಿತು ಎಂದು ನನಗನಿಸುತ್ತದೆ.

ಇಲ್ಲಿಯ ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ಕ್ರಿಸ್ಮಸ್ ಎಂದರೆ ಅಪ್ಪನ ಮೊದಲ ಭೇಟಿಯೂ ಹೌದು. ದುಬೈ, ಕುವೈತ್, ದೋಹಾಗಳಿಂದ ರಜೆ ಹಿಡಿದು ಬರುವವನು ಅಲ್ಲಿಯವರೆಗೆ ಕೂಸನ್ನು ಕಂಡದ್ದು ಫೋನಿನ ಪರದೆಯಲ್ಲಿ. ಮಗುವಿಗೆ ಏಳೆಂಟು ತಿಂಗಳಾಗಿದ್ದರೆ ಅದು ಅವನ ಮುಖ ಕಂಡು ಚೀರಿ ಅಮ್ಮನ ಹೆಗಲಿಗೆ ಅಂಟುತ್ತದೆ. ಆ ವಯಸ್ಸಿನಲ್ಲಿ ಅಪರಿಚಿತರಿಗೆ ಅಂಜುವುದು ಸಹಜ ಬೆಳವಣಿಗೆ. ಆದರೆ ಅದನ್ನು ತಿಳಿದ ಮಾತ್ರಕ್ಕೆ ಅಪ್ಪನ ಎದೆಯ ಭಾರ ಇಳಿಯುವುದಿಲ್ಲ. ಅಂಥ ತಂದೆಯರಿಗೆ ನಾನು ಹೇಳಬಯಸುವುದು ಇಷ್ಟೆ: ಪಾರ್ಟಿಗಳನ್ನೂ ಗೆಳೆಯರನ್ನೂ ಮುಂದಿನ ವರ್ಷಕ್ಕೆ ಬಿಡಿ, ರಾತ್ರಿಗಳನ್ನು ನೀವು ತೆಗೆದುಕೊಳ್ಳಿ. ನಡುರಾತ್ರಿ ಎತ್ತಿಕೊಂಡು ಅಂಗಳದಲ್ಲಿ ಅಡ್ಡಾಡಿಸಿದ ಕೈಯನ್ನು ಕೂಸು ನಾಲ್ಕಾರು ದಿನದಲ್ಲಿ ಗುರುತಿಸುತ್ತದೆ. ಊರಲ್ಲೇ ಇರುವವರಿಗೂ ಹೊತ್ತು ಸಿಗುವುದು ಸುಲಭವಲ್ಲ. ಹೆರಿಗೆ ಸವಲತ್ತು ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ತಾಯಿಗೆ 26 ವಾರಗಳ ರಜೆ ಕೊಟ್ಟಿತು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ರಜೆ ಇದೆ. ಖಾಸಗಿ ಕೆಲಸದಲ್ಲಿರುವ ತಂದೆಗೆ ಮಾತ್ರ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ಮಾಲೀಕನ ಮನಸ್ಸಿನ ಮೇಲೆ ಬಿಟ್ಟದ್ದು. ಗೋದಲಿಯ ಮುಂದೆ ಕೈಮುಗಿಯುವ ಮಾಲೀಕರೂ ನಮ್ಮಲ್ಲಿದ್ದಾರೆ. ಅವರು ಇದನ್ನು ಯೋಚಿಸಲಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಸಂಭ್ರಮದ ನಡುವೆಯೇ ಕಣ್ಣೀರಿಡುವ ತಾಯಂದಿರೂ ಇದ್ದಾರೆ. ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಬಹಳ ಸಾಮಾನ್ಯ, ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಮನೆ ತುಂಬ ದೀಪ ಇರುವಾಗ ನಿನಗೇನು ಕಡಿಮೆ ಎಂದು ಆಕೆಯನ್ನು ಗದರಬೇಡಿ. ವೈದ್ಯರ ಹತ್ತಿರ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಇಪ್ಪತ್ನಾಲ್ಕರ ರಾತ್ರಿ ಗೋದಲಿಯ ಹುಲ್ಲಿನ ಮೇಲೆ ಬಾಲಯೇಸುವಿನ ಮೂರ್ತಿ ಇಡುವ ತನಕ ಆ ಜಾಗ ಖಾಲಿ ಇರುತ್ತದೆ. ಅತ್ತೆಯ ಮನೆಯಲ್ಲಿ ಆ ಮೂರ್ತಿ ಇಡುವುದು ಮನೆಯ ಕಿರಿಯರ ಹಕ್ಕು. ಈ ಸಲ ಕಿರಿಯಳಿಗೆ ಅದನ್ನು ಹಿಡಿಯಲು ಬಾರದು, ಅವಳ ಪರವಾಗಿ ಅವಳ ತಾಯಿ ಇಡುತ್ತಾಳೆ. ಆ ರಾತ್ರಿಯ ಬಲಿಪೂಜೆಗೆ ಅತ್ತೆ ಮಾವ ಹೋಗಿ ಬರುತ್ತಾರೆ. ಈಗ ನಮ್ಮ ಕಡೆಯ ಹಲವು ಚರ್ಚುಗಳಲ್ಲಿ ಪೂಜೆ ಸಂಜೆಯೇ ಆರಂಭವಾಗುವುದರಿಂದ ಅವರಿಗೂ ನಿದ್ದೆಗೆಡುವ ಕಷ್ಟವಿಲ್ಲ. ನಾನು ಮಗಳೊಂದಿಗೆ ಮನೆಯಲ್ಲಿರುತ್ತೇನೆ, ಹೆಂಡತಿ ಮಲಗುತ್ತಾಳೆ. ಮರುದಿನ ಬೆಳಗಿನ ಪೂಜೆಗೆ ಮನಸ್ಸಾದರೆ ಆಕೆ ಹೋಗಬಹುದು, ಹಾಲಿನ ಹೊತ್ತಿಗೆ ವಾಪಸಾದರಾಯಿತು.

ಮಗುವನ್ನು ಚರ್ಚಿಗೆ ಯಾವಾಗ ತರುತ್ತೀರಿ ಎಂದು ಬೀದಿಯ ಹಿರಿಯರು ಕೇಳುತ್ತಲೇ ಇದ್ದಾರೆ. ಅದಕ್ಕೂ ಬೈಬಲಿನಲ್ಲೇ ಒಂದು ದಾರಿ ಸಿಕ್ಕಿದೆ. ಯೆಹೂದ್ಯರ ಧರ್ಮಶಾಸ್ತ್ರದಂತೆ ಗಂಡುಮಗು ಹೆತ್ತವಳಿಗೆ ಶುದ್ಧೀಕರಣದ ಅವಧಿ ನಲವತ್ತು ದಿನ, ಹೆಣ್ಣು ಹೆತ್ತವಳಿಗೆ ಎಂಬತ್ತು. ಆದರೆ ನಮ್ಮ ಬಾಣಂತನದ ನಲವತ್ತಕ್ಕೆ ಮಗು ಗಂಡೋ ಹೆಣ್ಣೋ ಎಂಬ ಭೇದವಿಲ್ಲ, ಅದು ತಾಯಿಯ ಮೈ ಕೂಡಿಕೊಳ್ಳಲೆಂದು ಇಟ್ಟ ಲೆಕ್ಕ. ಶುದ್ಧೀಕರಣದ ಆ ನಲವತ್ತು ದಿನಗಳು ಮುಗಿದ ಮೇಲೆಯೇ ಮರಿಯ ಮತ್ತು ಜೋಸೆಫ್ ಕೂಸನ್ನು ಜೆರುಸಲೇಮಿನ ದೇವಾಲಯಕ್ಕೆ ಕರೆತಂದರು. ಕುರಿಮರಿ ಕೊಡುವ ಅನುಕೂಲವಿಲ್ಲದ ಬಡವರಿಗೆ ಹೇಳಿದ ಜೋಡಿ ಹಕ್ಕಿಗಳ ಕಾಣಿಕೆ ಅವರದು. ಅಲ್ಲಿಗೆ ಬಂದ ಸಿಮೆಯೋನ ಎಂಬ ಹಿರಿಯ ಮಗುವನ್ನು ತೋಳಿಗೆ ತೆಗೆದುಕೊಂಡ. ಎಂಬತ್ತನಾಲ್ಕರ ಮುಪ್ಪಿನ ವಿಧವೆ ಅನ್ನಾ ಹತ್ತಿರ ಬಂದು ದೇವರನ್ನು ಕೊಂಡಾಡಿದಳು. ಕ್ರಿಸ್ಮಸ್ಸಿನಿಂದ ನಲವತ್ತನೆಯ ದಿನ, ಫೆಬ್ರುವರಿ 2ರಂದು, ಚರ್ಚುಗಳಲ್ಲಿ ಮೇಣದಬತ್ತಿ ಹರಸುವ ಹಬ್ಬ ಆ ಘಟನೆಯ ನೆನಪಿಗೆ. ಅಷ್ಟು ಹೊತ್ತಿಗೆ ಮಗಳ ಆರು ವಾರದ, ಹತ್ತು ವಾರದ ಲಸಿಕೆಗಳು ಮುಗಿದಿರುತ್ತವೆ, ಕತ್ತು ನಿಲ್ಲತೊಡಗಿರುತ್ತದೆ, ಹೆಂಡತಿಯೂ ಚೇತರಿಸಿಕೊಂಡಿರುತ್ತಾಳೆ. ಮಗುವನ್ನು ಎತ್ತಿಕೊಳ್ಳಬೇಕೆಂದಿರುವ ಅಜ್ಜ ಅಜ್ಜಿಯರೆಲ್ಲ ಅಂದು ಕೈ ತೊಳೆದುಕೊಂಡು ಬೆಳಗಿನ ಪೂಜೆಗೆ ಬನ್ನಿ ಎಂದು ಹೇಳಿ ಕಳಿಸಿದ್ದೇವೆ.