ಕಾಯುವವರ ಲೆಕ್ಕ

ಅಮೆರಿಕನ್ ಫುಟ್‌ಬಾಲ್ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಅಲ್ಲಿ ಚೆಂಡನ್ನು ಒದೆಯುವುದು ಅಪರೂಪ; ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಎಸೆಯುವವನು ಕ್ವಾರ್ಟರ್‌ಬ್ಯಾಕ್, ತಂಡದ ಕಣ್ಮಣಿ. ಅವನ ಮುಂದೆ ಐದು ಮಂದಿ ಗೋಡೆಯಂತೆ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಎರಡು ತುದಿಗೆ ಇಬ್ಬರು ಟ್ಯಾಕಲ್‌ಗಳು. ಒಬ್ಬೊಬ್ಬರೂ ಸುಮಾರು 140 ಕಿಲೋ ತೂಗುವ ಆಳುಗಳು. ಈ ಐವರ ಸಾಲನ್ನು ಆಫೆನ್ಸಿವ್ ಲೈನ್ ಎನ್ನುತ್ತಾರೆ. ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವುದು, ಎಸೆಯುವವನ ಮೇಲೆ ಎದುರಾಳಿಗಳು ಎರಗದಂತೆ ಎರಡೂವರೆ ಮೂರು ಸೆಕೆಂಡು ತಡೆಯುವುದು ಇವರ ಕೆಲಸ. ಆಟ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನನ್ನು ಬಿಟ್ಟರೆ, ಉಳಿದ ನಾಲ್ವರು ಸಾಮಾನ್ಯವಾಗಿ ಇಡೀ ಪಂದ್ಯದಲ್ಲಿ ಒಮ್ಮೆಯೂ ಚೆಂಡು ಮುಟ್ಟುವುದಿಲ್ಲ.

ಈ ಆಟದಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಎಸೆದವನು ಎಷ್ಟು ಗಜ ಎಸೆದ, ಹಿಡಿದವನು ಎಷ್ಟು ಹಿಡಿದ, ಓಡಿದವನು ಎಷ್ಟು ದೂರ ಓಡಿದ, ಕೆಡವಿದವನು ಎಷ್ಟು ಸಲ ಕೆಡವಿದ ಎಂಬುದೆಲ್ಲ ದಾಖಲಾಗುತ್ತದೆ. ಈ ಐವರ ಹೆಸರಿನ ಮುಂದೆ ಮಾತ್ರ ಬರೆಯಲು ಹೆಚ್ಚೇನೂ ಇರುವುದಿಲ್ಲ. ಅವರು ಚೆನ್ನಾಗಿ ಆಡಿದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅವರ ಸಾಧನೆ. ಅವರಲ್ಲೊಬ್ಬ ಎದುರಾಳಿಯ ಅಂಗಿಯನ್ನು ಹಿಡಿದೆಳೆದನೆನ್ನಿ, ಆಗ ರೆಫರಿ ಮೈಕಿನಲ್ಲಿ ಅವನ ಅಂಗಿಯ ನಂಬರನ್ನು ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಹೇಳಿ 10 ಗಜದ ದಂಡ ವಿಧಿಸುತ್ತಾನೆ. ಅನೇಕ ಪಂದ್ಯಗಳಲ್ಲಿ ಅವನ ಗುರುತು ಜನರ ಕಿವಿಗೆ ಬೀಳುವುದು ಆ ಒಂದು ಕ್ಷಣದಲ್ಲಿ ಮಾತ್ರ. ಕನ್ನಡದಲ್ಲಿ ಲೈನ್‌ಮ್ಯಾನ್ ಎಂದರೆ ಕರೆಂಟ್ ಕಂಬ ಹತ್ತುವವನು. ದೀಪ ಉರಿಯುವಷ್ಟು ಕಾಲ ಅವನ ನೆನಪೂ ನಮಗಿರುವುದಿಲ್ಲ. ಹೆಸರಷ್ಟೇ ಅಲ್ಲ, ಇಬ್ಬರ ಹಣೆಬರಹವೂ ಒಂದೇ.

ಯಶಸ್ಸು ಯಾವ ಗುರುತನ್ನೂ ಬಿಡದ, ಸೋಲು ಮಾತ್ರ ಎದ್ದು ಕಾಣುವ ಕೆಲಸವನ್ನು ನ್ಯಾಯವಾಗಿ ತೂಗುವುದು ಹೇಗೆ? ನೈತಿಕ ಹೊಣೆಗಾರಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಪುಸ್ತಕಗಳಲ್ಲಿ ಸಿಕ್ಕಿದ್ದಕ್ಕಿಂತ ಸ್ಪಷ್ಟವಾಗಿ ಸಿನ್ಸಿನಾಟಿ ನಗರದ ಬೆಂಗಾಲ್ಸ್ ತಂಡದ ಅಭಿಮಾನಿಗಳ ಜಗಳದಲ್ಲಿ ಸಿಕ್ಕಿತು.

ವರ್ಷಗಳಿಂದ ಸೋಲುತ್ತಿದ್ದ ಬೆಂಗಾಲ್ಸ್ ತಂಡ 2020ರಲ್ಲಿ ಜೋ ಬರೋ ಎಂಬ ಯುವ ಕ್ವಾರ್ಟರ್‌ಬ್ಯಾಕ್‌ನನ್ನು ಮೊದಲ ಆಯ್ಕೆಯಾಗಿ ಪಡೆಯಿತು. ಅವನ ಮುಂದಿದ್ದ ಗೋಡೆ ದುರ್ಬಲವಾಗಿತ್ತು. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಬರೋ 10 ಪಂದ್ಯಗಳಲ್ಲಿ 32 ಬಾರಿ ಸ್ಯಾಕ್ ಆದ. ನವೆಂಬರ್ 22ರಂದು ವಾಷಿಂಗ್ಟನ್ ತಂಡದ ವಿರುದ್ಧ ಆಡುವಾಗ ಅವನ ಎಡ ಮೊಣಕಾಲಿನ ಅಸ್ಥಿರಜ್ಜುಗಳು ಹರಿದವು. ಆ ವರ್ಷದ ಆಟ ಅವನ ಪಾಲಿಗೆ ಅಲ್ಲಿಗೆ ಮುಗಿಯಿತು.

ಈ ಲೀಗಿನಲ್ಲಿ ಹೆಚ್ಚು ಸೋತ ತಂಡಗಳಿಗೆ ಮರುವರ್ಷ ಹೊಸ ಆಟಗಾರರನ್ನು ಆರಿಸಲು ಮೊದಲ ಸರದಿ ಸಿಗುತ್ತದೆ. 2021ರಲ್ಲಿ ಬೆಂಗಾಲ್ಸ್‌ಗೆ ಸಿಕ್ಕಿದ್ದು ಐದನೆಯ ಸರದಿ. ತಿಂಗಳುಗಟ್ಟಲೆ ಅಭಿಮಾನಿಗಳು ಎರಡು ಬಣವಾಗಿ ಕಾದಾಡಿದರು. ಒಂದು ಬಣಕ್ಕೆ ಒರೆಗಾನ್ ವಿಶ್ವವಿದ್ಯಾಲಯದ ಟ್ಯಾಕಲ್ ಪೆನೇ ಸೂಯಲ್ ಬೇಕಾಗಿದ್ದ. ಎಸೆಯುವವನೇ ನೆಲದ ಮೇಲೆ ಬಿದ್ದಿರುವಾಗ ಹಿಡಿಯುವವನು ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ ಎಂಬುದು ಅವರ ವಾದ. ಇನ್ನೊಂದು ಬಣಕ್ಕೆ ಕಾಲೇಜಿನಲ್ಲಿ ಬರೋನ ಜೊತೆಗಾರನಾಗಿದ್ದ, ಚೆಂಡು ಹಿಡಿಯುವುದರಲ್ಲಿ ನಿಸ್ಸೀಮ ಜಮಾರ್ ಚೇಸ್ ಬೇಕಾಗಿದ್ದ. ಒಬ್ಬನಿಂದ ಗೋಡೆಯಾಗುವುದಿಲ್ಲ, ಐವರು ಬೇಕು. ಬೇಗ ಬಿಡುವು ಮಾಡಿಕೊಂಡು ಓಡುವವನೊಬ್ಬನಿದ್ದರೆ ಚೆಂಡು ಬರೋನ ಕೈಯಿಂದ ಬೇಗ ಹೊರಡುತ್ತದೆ, ಅದೂ ಒಂದು ಬಗೆಯ ರಕ್ಷಣೆಯೇ ಎಂಬುದು ಇವರ ವಾದ. ಎರಡರಲ್ಲೂ ಹುರುಳಿತ್ತು.

ತಂಡ ಚೇಸ್‌ನನ್ನು ಆರಿಸಿತು. ಎರಡು ಸರದಿ ಬಿಟ್ಟು ಸೂಯಲ್ ಡೆಟ್ರಾಯಿಟ್ ಪಾಲಾದ. ಮುಂದೆ ನಡೆದದ್ದು ಎರಡೂ ಬಣಗಳನ್ನು ಗೊಂದಲಕ್ಕೆ ಕೆಡವಿತು. 2021ರ ಸಾಮಾನ್ಯ ಪಂದ್ಯಗಳಲ್ಲಿ ಬರೋ 51 ಬಾರಿ ಸ್ಯಾಕ್ ಆದ. ಲೀಗಿನಲ್ಲಿ ಅದೇ ಹೆಚ್ಚು. ಟೆನೆಸಿ ವಿರುದ್ಧದ ನಾಕೌಟ್ ಪಂದ್ಯವೊಂದರಲ್ಲೇ 9 ಬಾರಿ ಕೆಳಗೆ ಬಿದ್ದ. ಆದರೂ ತಂಡ ಆ ಪಂದ್ಯ ಗೆದ್ದಿತು, 1989ರ ನಂತರ ಮೊದಲ ಬಾರಿಗೆ ಸೂಪರ್ ಬೌಲ್ ತಲುಪಿತು. ಚೇಸ್ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಪಡೆದ.

2022ರ ಫೆಬ್ರವರಿ 13ರ ಆ ಫೈನಲ್‌ನಲ್ಲಿ ಬರೋ 7 ಬಾರಿ ಸ್ಯಾಕ್ ಆದ. ಮೂರು ಅಂಕ ಹಿಂದಿದ್ದ ತಂಡಕ್ಕೆ ಕೊನೆಯ ನಿಮಿಷದಲ್ಲಿ ಒಂದು ಅವಕಾಶ ಉಳಿದಿತ್ತು. ಚೆಂಡು ಬರೋನ ಕೈಗೆ ಬಂತು. ರ‍್ಯಾಮ್ಸ್ ತಂಡದ ಆರನ್ ಡೊನಾಲ್ಡ್ ಗೋಡೆ ಭೇದಿಸಿ ಬಂದು ಅವನನ್ನು ಹಿಡಿದು ಗಿರ‍್ರನೆ ತಿರುಗಿಸಿದ. ಬೀಳುತ್ತ ಎಸೆದ ಚೆಂಡು ಯಾರ ಕೈಗೂ ಸೇರದೆ ನೆಲಕ್ಕೆ ಬಿತ್ತು. ಅದೇ ಹೊತ್ತಿಗೆ ಮೈದಾನದ ಆ ಕಡೆ ಚೇಸ್‌ನನ್ನು ಕಾಯುತ್ತಿದ್ದ ಎದುರಾಳಿ ಮುಗ್ಗರಿಸಿ ಬಿದ್ದಿದ್ದ. ಚೇಸ್ ಒಬ್ಬನೇ ಓಡುತ್ತಿದ್ದ. ಪಂದ್ಯ 23–20ರಲ್ಲಿ ಕೈಬಿಟ್ಟಿತು. ಒಂದು ಬಣ ಡೊನಾಲ್ಡ್‌ನನ್ನು ತೋರಿಸಿ ನಾವು ಹೇಳಿರಲಿಲ್ಲವೇ ಎಂದಿತು. ಇನ್ನೊಂದು ಬಣ ಚೇಸ್‌ನನ್ನು ತೋರಿಸಿ ಅದೇ ಮಾತು ಹೇಳಿತು.

ಹಾಗಾದರೆ ಯಾರು ಸರಿ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಫಲ ಗೊತ್ತಾದ ಮೇಲೆ ಹೇಳುವ ಬುದ್ಧಿಮಾತಿಗೆ ಬೆಲೆ ಕಡಿಮೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ವಜ್ಞಾನಿಗಳು ಇದೇ ಸಮಸ್ಯೆಗೆ ‘ನೈತಿಕ ಅದೃಷ್ಟ’ ಎಂಬ ಹೆಸರು ಕೊಟ್ಟು ಚರ್ಚಿಸಿದರು. ನೇಗಲ್ ಕೊಡುವ ಉದಾಹರಣೆಯ ಸಾರ ಇಷ್ಟು: ಇಬ್ಬರು ಚಾಲಕರ ಅಜಾಗರೂಕತೆ ಒಂದೇ ಅಳತೆಯದು. ಒಬ್ಬನ ದಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನ ದಾರಿ ಖಾಲಿಯಿರುತ್ತದೆ. ತಪ್ಪು ಒಂದೇ ಆದರೂ ನಾವು ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಲಾರೆವು.

ಬೆಂಗಾಲ್ಸ್‌ನ ಆಯ್ಕೆಯೂ ಹಾಗೆಯೇ. ಆ 51 ಪೆಟ್ಟುಗಳಲ್ಲಿ ಒಂದು ಆ ಮೊಣಕಾಲಿಗೇ ತಾಗಿದ್ದರೆ ಇಂದು ಅದೇ ನಿರ್ಧಾರವನ್ನು ಕ್ರೌರ್ಯ ಎನ್ನುತ್ತಿದ್ದೆವು. ತಾಗಲಿಲ್ಲ, ಹಾಗಾಗಿ ಜಾಣತನ ಎನ್ನುತ್ತೇವೆ. ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ಸೂಯಲ್ ಪರ ವಾದಿಸಿದವರಿಗೆ ಇನ್ನೂ ಒಂದು ಕಷ್ಟವಿದೆ. ಚೇಸ್ ಹಿಡಿದ ಚೆಂಡುಗಳನ್ನು ತೋರಿಸಬಹುದು. ಸೂಯಲ್ ಬಂದಿದ್ದರೆ ಬೀಳದೆ ಉಳಿಯುತ್ತಿದ್ದ ಪೆಟ್ಟುಗಳನ್ನು ಯಾರು ತೋರಿಸಬಲ್ಲರು? ಅವನು ಡೆಟ್ರಾಯಿಟ್‌ನಲ್ಲಿ ಲೀಗಿನ ಅತ್ಯುತ್ತಮ ಟ್ಯಾಕಲ್‌ಗಳಲ್ಲಿ ಒಬ್ಬನಾಗಿ ಬೆಳೆದದ್ದು ನಿಜ. ಆದರೆ ತಡೆಯುವವನ ಪರವಾದ ಸಾಕ್ಷ್ಯವೆಲ್ಲ ನಡೆಯದೇ ಹೋದ ಸಂಗತಿಗಳಲ್ಲಿರುತ್ತದೆ. ಫಲ ನೋಡಿ ತೀರ್ಪು ಕೊಡುವ ನಮ್ಮ ಅಭ್ಯಾಸ ಕಾಯುವವರ ಪಾಲಿಗೆ ಮೊದಲಿನಿಂದಲೇ ವಾಲಿದ ತಕ್ಕಡಿ.

ದೂರು ಹೊರಿಸುವಾಗಲೂ ಹೀಗೇ ಆಗುತ್ತದೆ. ಸ್ಯಾಕ್ ಆದ ಕೂಡಲೇ ಪರದೆಯ ಮೇಲೆ ಕಾಣುವವನು ಎದುರಾಳಿಗೆ ತೀರಾ ಹತ್ತಿರವಿರುವ ಲೈನ್‌ಮ್ಯಾನ್. ಬೈಗುಳ ಅವನಿಗೆ. ಆದರೆ ಎದುರಾಳಿಗಳು ಆಗಾಗ ಒಂದು ಉಪಾಯ ಹೂಡುತ್ತಾರೆ. ಇಬ್ಬರು ನುಗ್ಗುವ ದಾರಿಯನ್ನು ಮಧ್ಯದಲ್ಲಿ ಅದಲುಬದಲು ಮಾಡಿಕೊಳ್ಳುತ್ತಾರೆ. ಆಗ ಗಾರ್ಡ್ ತನ್ನ ಎದುರಾಳಿಯನ್ನು ಟ್ಯಾಕಲ್‌ಗೆ ಒಪ್ಪಿಸಿ, ಟ್ಯಾಕಲ್‌ನ ಎದುರಾಳಿಯನ್ನು ತಾನು ವಹಿಸಿಕೊಳ್ಳಬೇಕು. ಮಾತಿಗೆ ಸಮಯವಿಲ್ಲ, ಮೈಯೇ ಅರಿಯಬೇಕು. ಒಬ್ಬ ಒಪ್ಪಿಸಿ ಇನ್ನೊಬ್ಬ ಒಪ್ಪಿಸಿಕೊಳ್ಳದಿದ್ದರೆ ಗೋಡೆ ಒಡೆಯುತ್ತದೆ. ಆ ತಪ್ಪು ಯಾರದು? ಅದು ಇಬ್ಬರ ನಡುವಿನ ಜಾಗದಲ್ಲಿ ಆದದ್ದು. ಇನ್ನು ಕೆಲವು ಸಲ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹೆಚ್ಚು ಹೊತ್ತು ಹಿಡಿದಿರುತ್ತಾನೆ, ಹಿಡಿಯುವವರಿಗೆ ಬಿಡುವು ಸಿಕ್ಕಿರುವುದಿಲ್ಲ, ಅಥವಾ ತರಬೇತುದಾರನ ಯೋಜನೆಯೇ ತಪ್ಪಿರುತ್ತದೆ. ಇಷ್ಟೆಲ್ಲವೂ ಕೊನೆಗೆ ಒಂದು ಅಂಗಿಯ ನಂಬರಿನ ಮೇಲೆ ಬೀಳುತ್ತದೆ.

ಬಲಗಡೆಯವನನ್ನು ತೆಗೆಯಿರಿ, ಇನ್ನೊಬ್ಬನನ್ನು ಹಾಕಿ ಎಂಬ ಮಾತಿನಲ್ಲಿ ಗ್ಯಾರೇಜಿನ ಧಾಟಿಯಿದೆ. 2022ರಲ್ಲಿ ಬೆಂಗಾಲ್ಸ್ ನಿಜಕ್ಕೂ ಹಾಗೆ ಮಾಡಿತು. ಮೂವರು ಹೊಸ ಲೈನ್‌ಮ್ಯಾನ್‌ಗಳನ್ನು ತಂದಿತು. ಹೊಂದಿಕೊಳ್ಳಲು ವಾರಗಳು ಹಿಡಿದವು. ಗೋಡೆ ಗಟ್ಟಿಯಾಗುತ್ತಿದೆ ಎನ್ನುವಷ್ಟರಲ್ಲಿ, ಋತುವಿನ ಕೊನೆಗೆ, ಐವರಲ್ಲಿ ಮೂವರು ಒಬ್ಬರ ಹಿಂದೊಬ್ಬರಂತೆ ಗಾಯಗೊಂಡರು. 2023ರ ಜನವರಿಯಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧದ ಸೆಮಿಫೈನಲ್ ಅನ್ನು ಬದಲಿ ಆಟಗಾರರೊಂದಿಗೆ ಆಡಿ ಮತ್ತೆ 23–20ರಲ್ಲೇ ಸೋತಿತು. ಬಿಡಿಭಾಗಗಳೆಂದುಕೊಂಡವರಿಗೆ ಮಂಡಿಯಿತ್ತು, ಕಣಕಾಲಿತ್ತು.

‘ಬರೋನನ್ನು ಕಾಪಾಡಿ’ ಎಂಬ ಅಭಿಮಾನಿಗಳ ಕೂಗಿನಲ್ಲಿ ಒಳ್ಳೆಯ ಮನಸ್ಸಿದೆ. ಒಬ್ಬ ಯುವಕನ ಮೊಣಕಾಲಿನ ಬಗ್ಗೆ ಕಾಳಜಿಯಿದೆ. ಆದರೆ ಆ ಕಾಳಜಿ ಐದು ಹೆಜ್ಜೆ ಮುಂದೆ ನಿಂತವರವರೆಗೆ ಯಾಕೆ ಹೋಗುವುದಿಲ್ಲ? ಮೈಕ್ ವೆಬ್‌ಸ್ಟರ್ ಪಿಟ್ಸ್‌ಬರ್ಗ್ ತಂಡದ ಸೆಂಟರ್ ಆಗಿದ್ದವನು. ನಾಲ್ಕು ಸೂಪರ್ ಬೌಲ್ ಗೆದ್ದ ತಂಡದವನು. 17 ಋತುಗಳ ಕಾಲ, ಆಟ ಶುರುವಾದಾಗಲೆಲ್ಲ ಎದುರಾಳಿಗೆ ತಲೆಯೊಡ್ಡಿ ನಿಂತವನು. ನಿವೃತ್ತಿಯ ನಂತರ ಮರೆವು, ಗೊಂದಲ, ನೋವು ಅವನನ್ನು ಮುತ್ತಿಕೊಂಡವು. ತನ್ನ ವಾಹನದಲ್ಲೇ ಮಲಗುವ ದಿನಗಳೂ ಬಂದವು. 2002ರಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡ. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವನ ಮಿದುಳನ್ನು ಪರೀಕ್ಷಿಸಿ, ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ರೋಗದ ಕುರುಹುಗಳನ್ನು ಗುರುತಿಸಿದರು; 2005ರಲ್ಲಿ ಅದನ್ನು ಪ್ರಕಟಿಸಿದರು. ಈ ಲೀಗಿನ ಆಟಗಾರನೊಬ್ಬನಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ಆ ಮೊದಲಿಗನು ಚೆಂಡು ಎಸೆಯುವವನಲ್ಲ, ಕಾಯುವವನು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಇವರು ಕೋಟಿಗಟ್ಟಲೆ ಸಂಪಾದಿಸುವವರು, ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿದೆ ಎನ್ನುವುದು ಒಂದು. ಸಂಬಳ ಶ್ರಮಕ್ಕೆ ಕೊಡುವ ಬೆಲೆ. ಅನ್ಯಾಯದ ಮಾತಿಗೆ ಮುಂಗಡವಾಗಿ ಕೊಟ್ಟ ಪರಿಹಾರ ಅಲ್ಲ. ಇನ್ನೊಂದು ಹೆಚ್ಚು ಗಂಭೀರವಾದದ್ದು: ತಪ್ಪು ಎಲ್ಲರ ನಡುವೆ ಹಂಚಿಹೋದರೆ ಕೊನೆಗೆ ಯಾರೂ ಹೊಣೆಯಲ್ಲ ಎಂದಾಗುವುದಿಲ್ಲವೇ? ಇಲ್ಲಿ ಹೊಣೆ ಮತ್ತು ದೂರು ಎಂಬ ಎರಡು ಮಾತುಗಳನ್ನು ಬಿಡಿಸಿ ನೋಡಬೇಕು. ಗಾರ್ಡ್ ಒಬ್ಬ ಪಂದ್ಯದ ನಂತರ ಪಂದ್ಯದಲ್ಲಿ ಸೋಲುತ್ತಿದ್ದರೆ ಅವನ ಜಾಗಕ್ಕೆ ಬೇರೊಬ್ಬ ಬರಲೇಬೇಕು. ಅವನ ಹಿಂದೆ ಇನ್ನೊಬ್ಬನ ಮೊಣಕಾಲಿದೆ. ಆ ತೀರ್ಮಾನ ಕಠಿಣವಾಗಿದ್ದರೂ ನ್ಯಾಯವಾಗಿರಬಲ್ಲದು. ಅದಕ್ಕೆ ಬೇಕಾದದ್ದು ನೋಡುವ ಶ್ರಮ. ದೂರಿಗೆ ಆ ಶ್ರಮ ಬೇಕಿಲ್ಲ, ಕಣ್ಣಿಗೆ ಬಿದ್ದವನು ಸಾಕು.

ನೋಡುವ ಶ್ರಮಕ್ಕೆ ನೈತಿಕತೆಯಲ್ಲಿ ದೊಡ್ಡ ಸ್ಥಾನ ಕೊಟ್ಟವರು ಐರಿಸ್ ಮರ್ಡಾಕ್. 1970ರ ‘ದ ಸಾವರಿನ್ಟಿ ಆಫ್ ಗುಡ್’ ಪುಸ್ತಕದಲ್ಲಿ ಅವರು ಕೊಡುವ ಉದಾಹರಣೆ ನಮಗೆ ತೀರಾ ಪರಿಚಿತವಾದದ್ದು, ಅತ್ತೆ ಸೊಸೆಯರದು. ಅತ್ತೆಗೆ ಸೊಸೆ ಒರಟು, ಹುಡುಗಾಟದವಳು ಎನ್ನಿಸುತ್ತದೆ. ಹೊರಗೆ ಮಾತ್ರ ಏನೂ ತೋರಗೊಡದೆ ಚೆನ್ನಾಗಿಯೇ ನಡೆದುಕೊಳ್ಳುತ್ತಾಳೆ. ಕಾಲ ಕಳೆದಂತೆ, ತನ್ನ ಪೂರ್ವಗ್ರಹವೇ ಹೀಗೆ ಕಾಣಿಸುತ್ತಿರಬಹುದೇ ಎಂದು ಶಂಕಿಸಿ ಸೊಸೆಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ನೋಡುತ್ತಾಳೆ. ಒರಟುತನ ಎನಿಸಿದ್ದು ಸರಳತೆಯಾಗಿ, ಹುಡುಗಾಟ ಎನಿಸಿದ್ದು ಲವಲವಿಕೆಯಾಗಿ ಕಾಣತೊಡಗುತ್ತದೆ. ಹೊರಗಿನ ನಡವಳಿಕೆ ಬದಲಾಗಿಲ್ಲ. ಆದರೂ ಅಲ್ಲೊಂದು ನೈತಿಕ ಕೆಲಸ ನಡೆದಿದೆ ಎನ್ನುತ್ತಾರೆ ಮರ್ಡಾಕ್. ಅದನ್ನವರು ಗಮನ ಎಂದು ಕರೆದರು. ಆ ಪರಿಕಲ್ಪನೆಯನ್ನು ಸಿಮೋನ್ ವೇಲ್ ಅವರಿಂದ ಪಡೆದರು.

ಅಭಿಮಾನಿಗಳಲ್ಲೂ ಕೆಲವರು ಇದೇ ಕೆಲಸ ಮಾಡುತ್ತಾರೆ. ಪಂದ್ಯ ಮುಗಿದ ಮೇಲೆ, 22 ಆಟಗಾರರೂ ಕಾಣುವಂತೆ ಎತ್ತರದಿಂದ ತೆಗೆದ ದೃಶ್ಯವನ್ನು ಹಾಕಿಕೊಂಡು, ಚೆಂಡಿನ ಮೇಲಿನ ಕಣ್ಣನ್ನು ಬಲವಂತವಾಗಿ ಕಿತ್ತು ಆ ಐವರ ಮೇಲೆ ಇಡುತ್ತಾರೆ. ಒಂದೇ ಆಟವನ್ನು ಐದು ಸಲ ನೋಡುತ್ತಾರೆ, ಒಬ್ಬೊಬ್ಬನಿಗೆ ಒಂದು ಸಲ. ಎಲ್ಲರೂ ಬೈದ ಟ್ಯಾಕಲ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ ಎಂಬುದು ಕೆಲವೊಮ್ಮೆ ತಿಳಿಯುತ್ತದೆ. ಎಲ್ಲರೂ ಹೊಗಳಿದವನು ಬಚಾವಾದದ್ದು ಪಕ್ಕದವನಿಂದ ಎಂಬುದೂ ತಿಳಿಯುತ್ತದೆ. ಅವರ ವಾದ ತಂಡದ ಆಡಳಿತದ ಕಿವಿಗೆ ಬೀಳದೇ ಇರಬಹುದು. ಆದರೆ ಆ ಹೊತ್ತಿನಲ್ಲಿ ಅವರು ಒಬ್ಬ ಮನುಷ್ಯನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿರುತ್ತಾರೆ.

ಕನ್ನಡದಲ್ಲಿ ‘ಕಾಯುವುದು’ ಎಂಬ ಮಾತಿಗೆ ರಕ್ಷಿಸುವುದು ಎಂಬ ಅರ್ಥವೂ ಇದೆ, ಎದುರು ನೋಡುವುದು ಎಂಬ ಅರ್ಥವೂ ಇದೆ. ಎಸೆಯುವವನನ್ನು ರಕ್ಷಿಸುವ ಲೈನ್‌ಮ್ಯಾನ್ ಎರಡನ್ನೂ ಒಟ್ಟಿಗೆ ಮಾಡುತ್ತಾನೆ. ಎದುರಾಳಿಯ ಮೇಲೆ ತಾನೇ ಮುನ್ನುಗ್ಗಿದರೆ ಸಮತೋಲ ತಪ್ಪುತ್ತದೆಂದು ಹಿಂದಕ್ಕೆ ಹೆಜ್ಜೆಯಿಟ್ಟು, ಅವನು ಬರುವವರೆಗೆ ತಡೆದು ನಿಲ್ಲುತ್ತಾನೆ. ಅವನ ಬಗ್ಗೆ ತೀರ್ಪು ಕೊಡುವವರಿಗೂ ಅಷ್ಟು ತಾಳ್ಮೆಯನ್ನು ಕೇಳುವುದು ಹೆಚ್ಚಾಗಲಾರದು.