ಮೌನವು ಪ್ರಮಾಣವಾಗುವುದು ಯಾವಾಗ?

ಇಲ್ಲದಿರುವುದನ್ನು ತಿಳಿಯುವ ಬಗೆ ಯಾವುದು ಎಂಬುದು ಭಾರತೀಯ ಪ್ರಮಾಣಶಾಸ್ತ್ರದ, ಅಂದರೆ ಅರಿವಿನ ಸಾಧನಗಳನ್ನು ಕುರಿತ ಶಾಸ್ತ್ರದ, ಹಳೆಯ ವಿವಾದಗಳಲ್ಲೊಂದು. ನೆಲದ ಮೇಲೆ ಗಡಿಗೆಯಿಲ್ಲವೆಂಬ ಅರಿವನ್ನು ನೈಯಾಯಿಕರು ಪ್ರತ್ಯಕ್ಷದಲ್ಲಿಯೇ ಸೇರಿಸಿದರೆ, ಕುಮಾರಿಲ ಭಟ್ಟನ ಪಂಥದ ಮೀಮಾಂಸಕರೂ ಅದ್ವೈತಿಗಳೂ ಅದಕ್ಕೆ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಬೇರೆ ಪ್ರಮಾಣವನ್ನೇ ಒಪ್ಪಿದರು. ಆದರೆ ಕತ್ತಲೆಯಲ್ಲಿ ಗಡಿಗೆ ಕಾಣದಿದ್ದ ಮಾತ್ರಕ್ಕೆ ಅದರ ಅಭಾವ ಸಿದ್ಧಿಸದು. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ‘ಯೋಗ್ಯತೆ’ ಇರಬೇಕೆಂಬುದು ಅವರ ನಿಬಂಧನೆ.

ನೈರೋಬಿಯಂಥ ಮಹಾನಗರದ ದೂರವಾಣಿ ಜಾಲದಲ್ಲಿ ಈ ನಿಬಂಧನೆ ದಿನನಿತ್ಯದ ಸಮಸ್ಯೆಯೇ ಆಗುತ್ತದೆ. ಟವರಿಗೆ ವಿದ್ಯುತ್ ಕಡಿತವಾದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬರುತ್ತದೆ. ಆದರೆ ಒಂದು ಸೆಲ್, ಎಂದರೆ ಒಂದು ಆಂಟೆನಾದ ವ್ಯಾಪ್ತಿಯ ಪ್ರದೇಶ, ಯಾವ ಅಲಾರಂ ಇಲ್ಲದೆಯೇ ಕರೆಗಳನ್ನು ಹೊರುವುದನ್ನು ನಿಲ್ಲಿಸಿಬಿಡುವುದೂ ಉಂಟು. ಎಂಜಿನಿಯರುಗಳು ‘ಸ್ಲೀಪಿಂಗ್ ಸೆಲ್’ ಎನ್ನುವ ಈ ದೋಷವನ್ನು ಪತ್ತೆಹಚ್ಚಲು, ಹಿಂದಿನ ವಾರಗಳ ಅದೇ ದಿನ, ಅದೇ ಗಂಟೆಯ ಕರೆಗಳ ಸರಾಸರಿಯನ್ನೂ ಸಹಜ ಏರಿಳಿತವನ್ನೂ ಲೆಕ್ಕಹಾಕಿ, ಈಗಿನ ಸಂಖ್ಯೆ ಆ ಮಿತಿಗಿಂತ ಕೆಳಗಿಳಿದಿದೆಯೇ ಎಂದು ನೋಡಬೇಕಾಗುತ್ತದೆ. ಕಚೇರಿಗಳಿಂದ ತುಂಬಿದ ಕೆನ್ಯಾಟ್ಟಾ ಅವೆನ್ಯೂವಿನಲ್ಲಿ ಭಾನುವಾರ ಮುಂಜಾನೆಯ ಮೌನ ಸಹಜವಾದದ್ದು. ಸೋಮವಾರ 10 ಗಂಟೆಯ ಮೌನ ದೋಷದ ಲಕ್ಷಣ. ಹೀಗೆ ಯೋಗ್ಯತೆಯನ್ನು ನಿರ್ಣಯಿಸಿಕೊಡುವುದೇ ಇಲ್ಲಿ ಸಂಖ್ಯಾಶಾಸ್ತ್ರದ ಕೆಲಸ.

ಆದರೂ ಜೂನ್ 1ರಂದು ಕೆನ್ಯಾ ಆಚರಿಸುವ ಮದರಾಕಾ ದಿನದ ರಜೆ ಸೋಮವಾರವೇ ಬಿದ್ದರೆ ಆ ಲೆಕ್ಕ ಮೋಸಹೋಗುತ್ತದೆ. ಅಭಾವಜ್ಞಾನವೂ ಅನುಮಾನವೇ, ಅಂದರೆ ಹೇತುವಿನಿಂದ ಊಹಿಸಿದ ಜ್ಞಾನವೇ, ಎಂದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಪಕ್ಷಕ್ಕೆ ಇದರಿಂದ ಬಲ ಬರುವಂತೆ ತೋರುತ್ತದೆ, ಏಕೆಂದರೆ ಎಂಜಿನಿಯರಿನ ನಿರ್ಣಯ ನಿಂತಿರುವುದು ಹಿಂದೆ ಕಂಡ ನಿಯತ ಸಂಬಂಧದ ಮೇಲೆ.

ಇದಕ್ಕಿಂತ ಗಂಭೀರವಾದ ತೊಡಕು ಲೆಕ್ಕದ ಬುಡದಲ್ಲಿಯೇ ಇದೆ. ನಡುವೆ ಕಡಿದುಹೋದ ಕರೆಗಳ ಶೇಕಡಾವಾರನ್ನು ಎಣಿಸುವುದು ಸಂಪರ್ಕ ಸಿಕ್ಕ ಕರೆಗಳ ಪೈಕಿ. ಸಿಗ್ನಲ್ಲೇ ಸಿಗದವನು ಭಾಜ್ಯದಲ್ಲಿಯೂ ಇಲ್ಲ, ಭಾಜಕದಲ್ಲಿಯೂ ಇಲ್ಲ. ಮೊದಲಿನಿಂದಲೂ ಸಂಪರ್ಕ ದುರ್ಬಲವಾಗಿರುವ ಕಡೆ ಆ ದೌರ್ಬಲ್ಯವೇ ಸರಾಸರಿಯಾಗಿ, ಕೊರತೆ ಸಹಜಸ್ಥಿತಿಯ ವೇಷ ತೊಡುತ್ತದೆ. 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣಸೇವೆ ಆರಂಭವಾದಂದಿನಿಂದ ದುಡ್ಡಿನ ವ್ಯವಹಾರವೂ ಮೊಬೈಲಿಗೆ ಅಂಟಿಕೊಂಡಿರುವ ಕೆನ್ಯಾದಲ್ಲಿ ಇದು ಕೇವಲ ತರ್ಕದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು. ನಿರೀಕ್ಷೆಗೇ ಆಧಾರವಿಲ್ಲದ ಕಡೆ ಅನುಪಲಬ್ಧಿ ಪ್ರಮಾಣವಾಗಲಾರದು. ಅಲ್ಲಿ ಉಪಕರಣ ಹೊತ್ತು ಬೀದಿಬೀದಿಗೆ ಹೋಗಿ ಸಿಗ್ನಲ್ ಅಳೆಯುವ ಪ್ರತ್ಯಕ್ಷವೇ ನೇರ ದಾರಿ.